ಅಟ್ಟದಿಂದ ಇಳಿದ ಪ್ಲೇಟುಗಳು

ಹಳೆಯ ಮನೆ ಕೆಡವುವಾಗಲೋ ಅಣ್ಣತಮ್ಮಂದಿರು ಪಾಲಾಗುವಾಗಲೋ ಅಟ್ಟದ ಮೇಲಿಂದ ಒಂದು ಟ್ರಂಕು ಕೆಳಗಿಳಿಯುತ್ತದೆ. ಒಳಗೆ ಮಾಸಿದ ಕಾಗದದ ಚೀಲಗಳಲ್ಲಿ ಗ್ರಾಮಫೋನ್ ಪ್ಲೇಟುಗಳು. ನುಡಿಸುವ ಪೆಟ್ಟಿಗೆ ಯಾವತ್ತೋ ಕೆಟ್ಟುಹೋಗಿದೆ. ಇವನ್ನೇನು ಮಾಡುವುದೆಂದು ಮನೆಮಂದಿ ಮುಖ ಮುಖ ನೋಡಿಕೊಳ್ಳುವಾಗ ಹಾಡಿನ ಹುಚ್ಚಿರುವವರು ಒಬ್ಬರಾದರೂ ಅಲ್ಲಿದ್ದರೆ ಪ್ಲೇಟು ಉಳಿಯುತ್ತದೆ, ಇಲ್ಲದಿದ್ದರೆ ಗುಜರಿಗೆ ಹೋಗುತ್ತದೆ. ಆ ಒಬ್ಬರಿಗಾಗಿ, ಮತ್ತು ಹಾಗೆ ಸಿಕ್ಕ ನಾಲ್ಕಾರು ಪ್ಲೇಟುಗಳಿಂದಲೇ ಸಂಗ್ರಹ ಶುರುಮಾಡಬೇಕೆಂಬ ಆಸೆ ಇರುವವರಿಗಾಗಿ ಈ ಬರಹ.

ಪ್ಲೇಟಿನ ನಾದದ ಮುಂದೆ ಸಿಡಿ, ಮೊಬೈಲು ಯಾವ ಲೆಕ್ಕಕ್ಕೂ ಇಲ್ಲ ಎಂದು ವಾದಿಸುವವರು ಬಹಳ. ನಾನು ಆ ವಾದಕ್ಕೆ ಹೋಗುವುದಿಲ್ಲ. ಸದ್ದು ಎಷ್ಟು ಶುದ್ಧ ಎಂಬ ಲೆಕ್ಕದಲ್ಲಿ ಸಿಡಿಯೇ ಮುಂದು. ಪ್ಲೇಟು ಕೂಡಿಡಲು ಇರುವ ಗಟ್ಟಿ ಕಾರಣ ಬೇರೆ: ನಾಟಕದ ಹಾಡು, ದೇವರನಾಮ, ಹಳೆಯ ಭಾವಗೀತೆ, ಮರೆತುಹೋದ ಸಿನಿಮಾದ ಹಾಡು, ಹೀಗೆ ಕನ್ನಡದ ಎಷ್ಟೋ ದನಿಗಳು ಪ್ಲೇಟಿನಿಂದ ಆಚೆಗೆ ಬರಲೇ ಇಲ್ಲ. ಕಂಪನಿಗಳ ಬಳಿಯೂ ಎಲ್ಲದರ ಮೂಲಪ್ರತಿ ಉಳಿದಿಲ್ಲ. ನಿಮ್ಮ ಟ್ರಂಕಿನಲ್ಲಿರುವುದೇ ಕೊನೆಯ ಪ್ರತಿಯಾಗಿರುವ ಸಾಧ್ಯತೆ ನೀವು ಎಣಿಸಿದ್ದಕ್ಕಿಂತ ಹೆಚ್ಚು. ಹಾಗಾಗಿ ಕೈಗೆ ಬಂದ ಕೂಡಲೇ ಯಾವುದೋ ಯಂತ್ರದ ಮೇಲಿಟ್ಟು ಮುಳ್ಳು ಇಳಿಸಬೇಡಿ. ಅದು ಯಾವ ಜಾತಿಯ ಪ್ಲೇಟು ಎಂಬುದು ಮೊದಲು ತಿಳಿಯಲಿ.

ಭಾರವಾಗಿ, ಗಡುಸಾಗಿ, ಬಿದ್ದರೆ ಗಾಜಿನಂತೆ ಒಡೆಯುವಂಥದ್ದಾದರೆ ಅದು 78ರ ಪ್ಲೇಟು, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವುದು. ಅರಗಿಗೆ ಕಲ್ಲಿನ ನುಣ್ಣನೆಯ ಪುಡಿ, ಹತ್ತಿಯ ಎಳೆ, ಮಸಿ ಬೆರೆಸಿ ಬಿಸಿಯಲ್ಲಿ ಒತ್ತಿ ತೆಗೆದದ್ದು. ಆ ಅರಗಿನ ಬಹುಪಾಲು ಜಗತ್ತಿಗೆಲ್ಲ ಹೋಗುತ್ತಿದ್ದದ್ದು ಭಾರತದ ಕಾಡುಗಳಿಂದಲೇ. 10 ಇಂಚಿನ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ಸುಮಾರು 3 ನಿಮಿಷ. ತಾಸುಗಟ್ಟಲೆ ಹಾಡುವ ರಾಗವನ್ನು ವಿದ್ವಾಂಸರು ಅಷ್ಟರಲ್ಲೇ ಕಟ್ಟಿಕೊಡಬೇಕಿತ್ತು. ಆಲಾಪದ ಒಂದೆರಡು ಎಳೆ, ನೇರ ಚೀಜು, ಮಿಂಚಿನಂಥ ತಾನುಗಳು, ಮುಗಿಯಿತು. ಈ ಬಿಗಿಯನ್ನು ಕೊರತೆಯೆಂದು ಕೇಳದೆ ಒಂದು ಕಲೆಯೆಂದು ಕೇಳಿದವರಿಗೆ 78ರ ಪ್ಲೇಟು ಒಲಿಯುತ್ತದೆ.

ನಮ್ಮ ದೇಶದ ಧ್ವನಿಮುದ್ರಣದ ಮೊದಲ ತಾರೆ ಗೌಹರ್ ಜಾನ್ 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಹಾಡಿದಾಗ ಪ್ಲೇಟು ತಯಾರಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಗುರುತು ಸಿಗಲೆಂದು ಹಾಡಿನ ಕೊನೆಗೆ ಆಕೆ ತನ್ನ ಹೆಸರನ್ನು ತಾನೇ ಹೇಳಿಬಿಡುತ್ತಿದ್ದರು. ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ಶುರುವಾದದ್ದು 1908ರಲ್ಲಿ. ಆ ಮಹಾ ಗಾಯಕಿ ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಹಗುರವಾಗಿ ಬಾಗುವಂಥದ್ದಾದರೆ ಅದು ವಿನೈಲ್. 12 ಇಂಚಿನದು ಎಲ್‌ಪಿ, ನಿಮಿಷಕ್ಕೆ 33⅓ ಸುತ್ತು, ಮಗ್ಗುಲಿಗೆ 20 ನಿಮಿಷದ ಮೇಲೆ. 7 ಇಂಚಿನದು ಸಾಮಾನ್ಯವಾಗಿ 45 ಸುತ್ತಿನ ಇಪಿ, ಮಗ್ಗುಲಿಗೆ ಎರಡೆರಡು ಹಾಡು. ಅರವತ್ತು, ಎಪ್ಪತ್ತರ ದಶಕದ ಕನ್ನಡ ಸಿನಿಮಾ ಹಾಡಿನ ನಿಜವಾದ ಖಜಾನೆ ಈ ಪುಟ್ಟ ಇಪಿಗಳು. ಹೊದಿಕೆಯ ಮೇಲೆ ಚಿತ್ರದ ಸ್ಥಿರಚಿತ್ರ, ಹಿಂದುಗಡೆ ಕವಿ, ಗಾಯಕ, ಸಂಗೀತ ನಿರ್ದೇಶಕರ ಹೆಸರು. ಅಂದಿನ ಎಷ್ಟೋ ಚಿತ್ರಗಳ ಸರಿಯಾದ ಮಾಹಿತಿ ಉಳಿದಿರುವುದು ಆ ಹೊದಿಕೆಯ ಮೇಲೆಯೇ.

ಯಂತ್ರದ ವಿಷಯ

ಹೊಸಬರು ಪ್ಲೇಟಿಗೆ ದುಡ್ಡು ಸುರಿದು ಯಂತ್ರಕ್ಕೆ ಜಿಪುಣತನ ಮಾಡುತ್ತಾರೆ. ಆಗಬೇಕಾದದ್ದು ಉಲ್ಟಾ. ಕೆಟ್ಟ ಯಂತ್ರ ಒಂದೇ ಸಲಕ್ಕೆ ಪ್ಲೇಟಿನ ಗೆರೆಯನ್ನು ಸವೆಸಿಬಿಡುತ್ತದೆ, ಹಾಗೆ ಸವೆದದ್ದು ಮರಳಿ ಬರುವುದಿಲ್ಲ.

ಕೀಲಿ ಕೊಟ್ಟು ತಿರುಗಿಸುವ ಗ್ರಾಮಫೋನಿನಲ್ಲಿ 78ರ ಪ್ಲೇಟು ಮಾತ್ರ ಹಾಕಬೇಕು. ಪಿನ್ನು ಹಿಡಿದಿರುವ ಅದರ ಸೌಂಡ್ ಬಾಕ್ಸಿನ ಭಾರ 100 ಗ್ರಾಮಿಗೂ ಮೇಲೆ, ಇಂದಿನ ಟರ್ನ್‌ಟೇಬಲ್ಲಿನ ಮುಳ್ಳು ಊರುವ ಭಾರ 2 ಗ್ರಾಮಿನ ಆಸುಪಾಸು. ಆ ಗ್ರಾಮಫೋನಿನ ಮೇಲೆ ಎಲ್‌ಪಿ ಇಟ್ಟರೆ ಹಾಡು ಅಲ್ಲಿಗೆ ಮುಗಿಯಿತೆಂದೇ ಲೆಕ್ಕ. ಉಕ್ಕಿನ ಪಿನ್ನು ಒಂದು ಮಗ್ಗುಲಿಗೆ ಒಂದೇ ಸಲ. ಮತ್ತೆ ಮತ್ತೆ ಅದೇ ಪಿನ್ನು ಹಾಕಿದರೆ ಅದರ ಸವೆದ ಅಂಚು ಗೆರೆಯನ್ನು ಕೊರೆಯುತ್ತದೆ. ಹಿಂದೆ ಮನೆಗಳಲ್ಲಿ ಪಿನ್ನಿನ ಡಬ್ಬಿ ತುಂಬಿ ಇಡುತ್ತಿದ್ದದ್ದು ಇದಕ್ಕೇ.

ಪೇಟೆಯಲ್ಲಿ ಫಳಫಳ ಹೊಳೆಯುವ ಹಿತ್ತಾಳೆಯ ದೊಡ್ಡ ಕೊಂಬಿನ ಗ್ರಾಮಫೋನು ಕಂಡರೆ ಕೈ ಹಾಕುವ ಮೊದಲು ನಿಲ್ಲಿ. ನಾಯಿ ಗುರುತಿನ ಎಚ್‌ಎಂವಿ ಕಂಪನಿಯ ಚೀಟಿ ಅಂಟಿಸಿದ್ದರೂ ಅವುಗಳಲ್ಲಿ ಹೆಚ್ಚಿನವು ಈಚೆಗೆ ತಯಾರಾದವು: ಹೊಸ ಪೆಟ್ಟಿಗೆ, ಹೊಸ ಕೊಂಬು, ಯಾವುದೋ ಮುರಿದ ಯಂತ್ರದ ಮೋಟಾರು. ಶೋಕೇಸಿಗೆ ಚಂದ, ಪ್ಲೇಟಿಗೆ ಕುತ್ತು. ಕೇಳುವ ಆಸೆ ಇದ್ದವರಿಗೆ ಎಚ್‌ಎಂವಿ 102ರಂಥ ಹಳೆಯ ಪೆಟ್ಟಿಗೆ ಗ್ರಾಮಫೋನು ಎಷ್ಟೋ ಮೇಲು. ಸ್ಪ್ರಿಂಗು ಸರಿಯಿದೆಯೇ, ಒಂದು ಸಲ ಪೂರ್ತಿ ಕೀಲಿ ಕೊಟ್ಟರೆ ಒಂದು ಮಗ್ಗುಲು ಒಂದೇ ವೇಗದಲ್ಲಿ ಮುಗಿಯುತ್ತದೆಯೇ ಎಂದು ಅಂಗಡಿಯಲ್ಲೇ ನುಡಿಸಿ ನೋಡಿ.

ಎಪ್ಪತ್ತರ ದಶಕದಲ್ಲಿ ಮಧ್ಯಮ ವರ್ಗದ ಮನೆಗಳಿಗೆ ಬಂದ ಎಚ್‌ಎಂವಿ ಫಿಯೆಸ್ಟಾ, ಕ್ಯಾಲಿಪ್ಸೊ ಪ್ಲೇಯರುಗಳು ಈಗಲೂ ಸಿಗುತ್ತವೆ. ಅವುಗಳ ಮೇಲೆ ನನಗೆ ಪ್ರೀತಿಯಿದೆ. ಆದರೂ ಒಳ್ಳೆಯ ಪ್ಲೇಟನ್ನು ಅವುಗಳ ಮೇಲೆ ದಿನಾ ಹಾಕಬೇಡಿ ಎಂದೇ ಹೇಳುತ್ತೇನೆ. ಮುಳ್ಳು ಹಿಡಿದಿರುವ ಅವುಗಳ ಸಿರಾಮಿಕ್ ಕಾರ್ಟ್ರಿಜ್ ಇಂದಿನವುಗಳ ಎರಡು ಮೂರು ಪಟ್ಟು ಭಾರ ಊರುತ್ತದೆ. ಇಟ್ಟುಕೊಳ್ಳುವುದಾದರೆ ಮುಳ್ಳು ಬದಲಿಸಿ, ಒಣಗಿ ಗಟ್ಟಿಯಾದ ರಬ್ಬರಿನ ಗಾಲಿ ತೆಗೆಸಿ ಹೊಸದು ಹಾಕಿಸಿ. ಆನ್‌ಲೈನಿನಲ್ಲಿ ಸಿಗುವ ಸೂಟ್‌ಕೇಸಿನ ಮಾದರಿಯ ಅಗ್ಗದ ಹೊಸ ಪ್ಲೇಯರುಗಳದೂ ಇದೇ ತೊಂದರೆ, ಭಾರ ಹೊಂದಿಸಲು ದಾರಿಯೇ ಇರುವುದಿಲ್ಲ.

ಹಾಗಾದರೆ ಯಾವುದು ತೆಗೆದುಕೊಳ್ಳಬೇಕು? ತೋಳಿನ ಹಿಂದೆ ತಿರುಗಿಸಿ ಭಾರ ಹೊಂದಿಸುವ ಬಟ್ಟು ಇರಲಿ. ಮುಳ್ಳು ಬಿಚ್ಚಿ ಬೇರೆಯದು ಹಾಕುವಂತಿರಲಿ. ಕನ್ನಡದ ಹಳೆಯ ಸಂಗೀತ ಬೇಕೆನ್ನುವವರು 78ರ ವೇಗವೂ ಇದೆಯೇ ಎಂದು ಕೇಳಿಯೇ ಕೊಳ್ಳಬೇಕು, ಅನೇಕ ಹೊಸ ಮಾದರಿಗಳಲ್ಲಿ ಅದಿಲ್ಲ. ಈ ಮೂರೂ ಇದ್ದರೆ ಕಂಪನಿ ಯಾವುದಾದರೂ ಸರಿ. ಭಾರ ಅಳೆಯುವ ಪುಟ್ಟ ತಕ್ಕಡಿ ಕಡಿಮೆ ದುಡ್ಡಿಗೆ ಸಿಗುತ್ತದೆ. ಕಾರ್ಟ್ರಿಜ್ ಕಂಪನಿ ಹೇಳಿದಷ್ಟೇ ಭಾರ ಇಡಿ. ಭಾರ ಕಡಿಮೆಯಾದಷ್ಟೂ ಒಳ್ಳೆಯದೆಂಬುದು ತಪ್ಪು ತಿಳಿವಳಿಕೆ, ಹಗುರಾದ ಮುಳ್ಳು ಗೆರೆಯೊಳಗೆ ಕುಣಿದು ಗೋಡೆಯನ್ನು ಕೆಡಿಸುತ್ತದೆ.

78ರ ಪ್ಲೇಟಿಗೆ ಬೇರೆ ಮುಳ್ಳೇ ಬೇಕು. ಅದರ ಗೆರೆ ಅಗಲ, ಸುಮಾರು 75 ಮೈಕ್ರಾನ್ ತುದಿಯ ಮುಳ್ಳು ಅದರಲ್ಲಿ ಸರಿಯಾಗಿ ಕೂರುತ್ತದೆ. ಎಲ್‌ಪಿಯ ಮುಳ್ಳಿನ ತುದಿ ಸುಮಾರು 18ರಿಂದ 25 ಮೈಕ್ರಾನ್. ಅದನ್ನೇ 78ಕ್ಕೆ ಹಾಕಿದರೆ ಗೆರೆಯ ತಳದ ಕಸದಲ್ಲಿ ಓಡಾಡಿ ಬರೀ ಚರಚರ ಕೇಳುತ್ತದೆ, ಹಾಡು ಹಿಂದೆ ಸರಿಯುತ್ತದೆ. ಈ ಪ್ಲೇಟು ಬಹಳ ಗಲಾಟೆ ಮಾಡುತ್ತದೆ ಎಂದು ಬದಿಗಿಟ್ಟ ಎಷ್ಟೋ 78ಗಳ ತಪ್ಪು ಇಷ್ಟೇ. ಸರಿಯಾದ ಮುಳ್ಳು ಹಾಕಿ ಕೇಳಿ, ದನಿ ಎದ್ದು ಮುಂದೆ ಬರುತ್ತದೆ. ವಜ್ರದ ಮುಳ್ಳೂ 500ರಿಂದ 1000 ಗಂಟೆಗೆ ಸವೆಯುತ್ತದೆ. ಹಾಕಿದ ತಾರೀಖನ್ನು ಯಂತ್ರದ ಅಡಿಯಲ್ಲಿ ಬರೆದಿಡಿ.

ವೇಗ ತಪ್ಪಿದರೆ ಶ್ರುತಿಯೇ ತಪ್ಪುತ್ತದೆ, ಶಾಸ್ತ್ರೀಯ ಸಂಗೀತ ಕೇಳುವವರಿಗೆ ಇದು ಸಣ್ಣ ವಿಷಯವಲ್ಲ. ಗೀಟು ಎಳೆದ ಸ್ಟ್ರೋಬ್ ತಟ್ಟೆಯೊಂದನ್ನು ಪ್ಲೇಟಿನ ಮೇಲಿಟ್ಟು ವಿದ್ಯುತ್ ದೀಪದಡಿ ತಿರುಗಿಸಿದರೆ ಗೀಟುಗಳು ನಿಂತಂತೆ ಕಾಣಬೇಕು. ನಮ್ಮ 50 ಹರ್ಟ್ಸ್ ವಿದ್ಯುತ್ತಿಗೆ 33⅓ರ ತಟ್ಟೆಯಲ್ಲಿ 180 ಗೀಟು, 78ರದರಲ್ಲಿ 77. ಇಲ್ಲಿ ಹಳೆಯ ಬುರುಡೆ ದೀಪ ಅಥವಾ ಟ್ಯೂಬ್‌ಲೈಟೇ ಬೇಕು, ಎಷ್ಟೋ ಎಲ್‌ಇಡಿ ದೀಪಗಳಡಿ ಈ ಪರೀಕ್ಷೆ ನಡೆಯುವುದಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ಎರಡು ದಶಕಗಳ ಪ್ಲೇಟುಗಳು ಸರಿಯಾಗಿ 78ರಲ್ಲೇ ಮುದ್ರಣವಾಗಿರುತ್ತಿರಲಿಲ್ಲ. ಅಂಥವನ್ನು ಕಿವಿಯಿಂದಲೇ ಹೊಂದಿಸಿಕೊಳ್ಳಬೇಕು. ವೇಗ ಹೆಚ್ಚು ಕಡಿಮೆ ಮಾಡುವ ಗುಂಡಿ ಯಂತ್ರದಲ್ಲಿದ್ದರೆ ಆಗ ಅದರ ಬೆಲೆ ಗೊತ್ತಾಗುತ್ತದೆ.

ಇನ್ನೊಂದು: ಟರ್ನ್‌ಟೇಬಲ್ಲನ್ನು ನೇರ ಸ್ಪೀಕರಿಗೆ ಜೋಡಿಸಿ, ಸದ್ದು ಸಣ್ಣಗೆ, ತೆಳ್ಳಗೆ ಬರುತ್ತಿದೆ ಎಂದು ಪೇಚಾಡುವವರಿದ್ದಾರೆ. ನಡುವೆ ಫೋನೋ ಪ್ರೀಆಂಪ್ ಬೇಕು. ಕೆಲವು ಯಂತ್ರಗಳಲ್ಲಿ ಅದು ಒಳಗೇ ಇರುತ್ತದೆ, ಕೊಳ್ಳುವಾಗಲೇ ಕೇಳಿ.

ಎಲ್ಲಿ ಸಿಗುತ್ತವೆ

ಬೆಂಗಳೂರಿನ ಅವೆನ್ಯೂ ರಸ್ತೆಯ ಸುತ್ತಮುತ್ತ, ಬಿವಿಕೆ ಅಯ್ಯಂಗಾರ್ ರಸ್ತೆಯ ಸಂಡೇ ಬಜಾರ್, ಮುಂಬಯಿಯ ಚೋರ್ ಬಜಾರ್ ಎಲ್ಲರಿಗೂ ಗೊತ್ತಿರುವ ಜಾಗಗಳು. ಬೆಳಿಗ್ಗೆ ಬೇಗ ಹೋದವರಿಗೆ ಸಿಗುತ್ತದೆ, ಅಷ್ಟೇ. ಆದರೆ ಕನ್ನಡದ ಪ್ಲೇಟು ಹುಡುಕುವವರು ಊರುಗಳ ಹಳೆಯ ಮೈಕ್‌ಸೆಟ್ ಅಂಗಡಿಗಳನ್ನು ಮರೆಯಬಾರದು. ಮದುವೆ, ಜಾತ್ರೆ, ಗಣೇಶನ ಹಬ್ಬಕ್ಕೆ ಪ್ಲೇಟು ಹಾಕುತ್ತಿದ್ದವರು ಅವರೇ. ಟೆಂಟ್ ಸಿನಿಮಾದವರದೂ ಹೀಗೆಯೇ ಒಂದು ಸಂಗ್ರಹ ಇರುತ್ತಿತ್ತು. ಆಟ ಶುರುವಾಗುವ ಮುನ್ನ ಘಂಟಸಾಲ ಅವರ ‘ನಮೋ ವೆಂಕಟೇಶ’ ಕೇಳಿ ಬೆಳೆದ ಊರುಗಳು ನಮ್ಮಲ್ಲಿ ಎಷ್ಟಿಲ್ಲ! ಒಂದೇ ಎಚ್ಚರ: ಇಂಥ ಕಡೆಯ ಪ್ಲೇಟು ದಿನಕ್ಕೆ ಹತ್ತಾರು ಸಲ ಒರಟು ಮುಳ್ಳಿಗೆ ಸಿಕ್ಕಿ ಸವೆದಿರುತ್ತದೆ.

ಯಾವ ಊರಿನಲ್ಲಿ ಏನು ಸಿಗುತ್ತದೆ ಎಂಬುದಕ್ಕೂ ಇತಿಹಾಸವಿದೆ. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಕಡೆ ಹಿಂದೂಸ್ತಾನಿ ಮತ್ತು ಮರಾಠಿ ನಾಟ್ಯಗೀತೆ. ಹಳೆಯ ಮೈಸೂರಿನಲ್ಲಿ ಕರ್ನಾಟಕ ಸಂಗೀತ, ಜೊತೆಗೆ ಮದರಾಸಿನಿಂದ ಬಂದ ತಮಿಳು, ತೆಲುಗು. ಮಂಗಳೂರು ಕಡೆ ಕೊಂಕಣಿ ಹಾಡುಗಳನ್ನೂ ಕೇಳಿ ನೋಡಿ.

ಕೊಳ್ಳುವಾಗ ಪ್ಲೇಟನ್ನು ಹೊದಿಕೆಯಿಂದ ಹೊರತೆಗೆದೇ ನೋಡಬೇಕು. ಬೆಳಕಿಗೆ ಓರೆಯಾಗಿ ಹಿಡಿಯಿರಿ. ಕಪ್ಪಗೆ ಹೊಳೆದರೆ ಸರಿ, ಬೂದು ಬಣ್ಣಕ್ಕೆ ತಿರುಗಿದ್ದರೆ ಗೆರೆ ಸವೆದಿದೆ. ಗೀರಿನ ಮೇಲೆ ಉಗುರು ಮೆಲ್ಲಗೆ ಆಡಿಸಿ, ಉಗುರು ತಡೆದರೆ ಮುಳ್ಳೂ ತಡೆಯುತ್ತದೆ. 78ರ ಪ್ಲೇಟನ್ನು ನಡುವಿನ ರಂಧ್ರದಲ್ಲಿ ಬೆರಳಿಟ್ಟು ಎತ್ತಿ, ಅಂಚಿಗೆ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಕಣ್ಣಿಗೆ ಕಾಣದ ಬಿರುಕಿದ್ದರೆ ಸದ್ದು ಒಡಕಾಗಿ ಬರುತ್ತದೆ. ಹೊದಿಕೆಯ ಮೇಲಿನ ನಂಬರೂ ಪ್ಲೇಟಿನ ನಂಬರೂ ಒಂದೇ ಇದೆಯೇ ನೋಡಿ. ಒಂದರ ಹೊದಿಕೆಯಲ್ಲಿ ಇನ್ನೊಂದು ಇರುವುದು ತೀರಾ ಸಾಮಾನ್ಯ. ಎಚ್‌ಎಂವಿಯ ಎಲ್‌ಪಿಗಳಲ್ಲಿ ನಂಬರಿನ ಮೊದಲಿಗೆ ಇಎಎಲ್‌ಪಿ, ಇಸಿಎಲ್‌ಪಿ ಎಂದಿದ್ದರೆ ಮೋನೊ, ಇಎಎಸ್‌ಡಿ, ಇಸಿಎಸ್‌ಡಿ ಎಂದಿದ್ದರೆ ಸ್ಟೀರಿಯೊ.

ಬೆಲೆಯ ವಿಷಯದಲ್ಲಿ ಅಂಗಡಿಯವರ ‘ಅಪರೂಪದ ಮಾಲು’ ಎಂಬ ಮಾತಿಗೆ ಮರುಳಾಗಬೇಡಿ. ‘ಶೋಲೆ’ಯ ಸಂಭಾಷಣೆಯ ಎಲ್‌ಪಿಗೆ ದೊಡ್ಡ ಬೆಲೆ ಹೇಳುವವರಿದ್ದಾರೆ. ಅದು ಆ ಕಾಲದಲ್ಲೇ ರಾಶಿ ರಾಶಿ ಮಾರಾಟವಾದದ್ದು, ಇಂದಲ್ಲ ನಾಳೆ ಸಿಕ್ಕೇ ಸಿಗುತ್ತದೆ. ಅದೇ ರಾಶಿಯಡಿ ಯಾರೂ ಕೇಳದೆ ಬಿದ್ದಿರುವ ಕನ್ನಡ ನಾಟಕದ 78ರ ಪ್ಲೇಟು ಮತ್ತೆ ಸಿಗದೇ ಹೋಗಬಹುದು.

ಯಾವ ದಾರಿ ಹಿಡಿಯುವುದು

ಕಂಡದ್ದೆಲ್ಲ ಕೊಂಡರೆ ಮನೆ ತುಂಬುತ್ತದೆ, ಸಂಗ್ರಹವಾಗುವುದಿಲ್ಲ. ಒಂದು ಎಳೆ ಹಿಡಿಯಿರಿ. ಪಿ. ಕಾಳಿಂಗರಾಯರು, ಮೋಹನಕುಮಾರಿ, ಸೋಹನಕುಮಾರಿ ಹಾಡಿದ ಜನಪದ ಗೀತೆ, ಭಾವಗೀತೆಗಳನ್ನು ಹುಡುಕಬಹುದು. ಬಿ.ಎಸ್. ರಾಜ ಅಯ್ಯಂಗಾರರ ‘ಜಗದೋದ್ಧಾರನ’ದಿಂದ ಹೊರಟು ದೇವರನಾಮಗಳ ಜಾಡು ಹಿಡಿಯಬಹುದು. ರಾಜ್‌ಕುಮಾರ್ ಚಿತ್ರಗಳ ಇಪಿಗಳನ್ನು ವರ್ಷದ ಪ್ರಕಾರ ಜೋಡಿಸಿ ಕೇಳಿದರೆ ಒಂದು ಕಥೆಯೇ ತೆರೆದುಕೊಳ್ಳುತ್ತದೆ. ಪಿ.ಬಿ. ಶ್ರೀನಿವಾಸ್ ಅವರ ದನಿ ವರ್ಷಗಟ್ಟಲೆ ರಾಜ್ ಅವರ ದನಿಯೇ ಆಗಿದ್ದು, 1974ರ ‘ಸಂಪತ್ತಿಗೆ ಸವಾಲ್’ನ ಹಾಡಿನ ನಂತರ ರಾಜ್ ತಾವೇ ಗಾಯಕರಾಗಿ ನಿಂತ ತಿರುವು ಕಿವಿಗೇ ಗೊತ್ತಾಗುತ್ತದೆ. ಭೀಮಸೇನ ಜೋಶಿ ಮತ್ತು ಬಾಲಮುರಳಿಕೃಷ್ಣ ಇಬ್ಬರೂ ಹಾಡಿದ 1966ರ ‘ಸಂಧ್ಯಾರಾಗ’ ಸಿಕ್ಕರಂತೂ ಬಿಡಬೇಡಿ.

ನನ್ನನ್ನು ಕೇಳಿದರೆ ಧಾರವಾಡದ ಸೀಮೆಯ ಹಿಂದೂಸ್ತಾನಿ ಗಾಯಕರ ದಾರಿಯೇ ಎಲ್ಲಕ್ಕಿಂತ ಶ್ರೀಮಂತ. ಮಲ್ಲಿಕಾರ್ಜುನ ಮನಸೂರರು ಮೂವತ್ತರ ದಶಕದಲ್ಲಿ ಕೊಟ್ಟ 78ಗಳಿಗೂ ಇಳಿವಯಸ್ಸಿನ ಎಲ್‌ಪಿಗಳಿಗೂ ನಡುವೆ ಒಬ್ಬ ಕಲಾವಿದರ ಇಡೀ ಜೀವನದ ತಪಸ್ಸಿದೆ. ಗಂಗೂಬಾಯಿ ಹಾನಗಲ್ಲರ ಮೊದಲ ಪ್ಲೇಟುಗಳ ಮೇಲಿರುವ ಹೆಸರು ಗಾಂಧಾರಿ. ಆ ಪ್ಲೇಟಿನಲ್ಲಿರುವುದು ತೆಳುವಾದ, ಎಳೆಯ ಹೆಣ್ಣುದನಿ. ಗಂಟಲಿನ ಶಸ್ತ್ರಚಿಕಿತ್ಸೆಯ ಬಳಿಕ ಬಂದ ಆ ಗಂಭೀರ ಕಂಠವನ್ನಷ್ಟೇ ಬಲ್ಲವರು ಹೆಸರು ಓದಿಯೂ, ಹಾಡು ಕೇಳಿಯೂ ಗುರುತು ಹಿಡಿಯಲಾರರು. ಎರಡನ್ನೂ ಒಂದಾದ ಮೇಲೊಂದು ಕೇಳಿ. ಯಾವ ಪುಸ್ತಕ ಓದಿದರೂ ಸಿಗದ ಅರಿವು ಅಲ್ಲಿದೆ.

ಶುಚಿ, ಮಳೆಗಾಲ, ಗೆದ್ದಲು

ಇದೊಂದನ್ನು ಗೋಡೆಗೆ ಬರೆದು ಹಾಕಿ: 78ರ ಪ್ಲೇಟಿಗೆ ಸ್ಪಿರಿಟ್ ಮುಟ್ಟಿಸಬಾರದು. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿಗೆ ಒಂದು ಹನಿ ಮೆದು ಸೋಪಿನ ದ್ರವ ಬೆರೆಸಿ, ಮೆತ್ತನೆಯ ಬಟ್ಟೆಯಿಂದ ಗೆರೆಗಳ ಜಾಡಿನಲ್ಲೇ ಸುತ್ತ ಒರೆಸಿ, ಬರೀ ಡಿಸ್ಟಿಲ್ಡ್ ವಾಟರಿನಿಂದ ಇನ್ನೊಮ್ಮೆ ಒರೆಸಿ, ಕೂಡಲೇ ಒಣಗಿಸಿ. ನಡುವಿನ ಕಾಗದದ ಚೀಟಿ ನೆನೆಯಬಾರದು. ವಿನೈಲಿಗೂ ಇದೇ ಕ್ರಮ ಸಾಕು. ನಲ್ಲಿ ನೀರು ಬೇಡ, ಅದರಲ್ಲಿರುವ ಲವಣ ಗೆರೆಯೊಳಗೆ ಕೂತುಬಿಡುತ್ತದೆ. ಬಿಸಿಲಿಗೆ ಒಣಗಿಸುವುದಂತೂ ಬೇಡವೇ ಬೇಡ. ಕೊಂಡ ಎಲ್‌ಪಿಯನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಟ್ಟು ಊಟಕ್ಕೆ ಹೋದರೆ ಬರುವಷ್ಟರಲ್ಲಿ ಅದು ಹಪ್ಪಳದಂತೆ ಸೊಟ್ಟಗಾಗಿರುತ್ತದೆ.

ಎಲ್‌ಪಿಗಳನ್ನು ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ. ಒಂದರ ಮೇಲೊಂದು ಪೇರಿಸಿದರೆ ತಳದವು ಬಾಗುತ್ತವೆ, 78 ಆದರೆ ಒಡೆಯುತ್ತವೆ. ಹೊದಿಕೆ ಸಮೇತ 100 ಎಲ್‌ಪಿ ಸುಮಾರು 25 ಕಿಲೋ ತೂಗುತ್ತದೆ, ತೆಳು ಹಲಗೆಯ ಕಪಾಟು ತಡೆಯುವುದಿಲ್ಲ. ಮಲೆನಾಡು, ಕರಾವಳಿಯವರಿಗೆ ಮಳೆಗಾಲವೇ ಶತ್ರು. ಹೊರಗೋಡೆಗೆ ಒತ್ತಿ ಕಪಾಟಿಡಬೇಡಿ, ಗಾಳಿಯಾಡಲು ಜಾಗ ಬಿಡಿ, ತಿಂಗಳಿಗೊಮ್ಮೆ ಎಲ್ಲವನ್ನೂ ತೆಗೆದು ನೋಡಿ. ಬೂಷ್ಟು ಹಿಡಿದ ಪ್ಲೇಟನ್ನು ತೊಳೆಯುವವರೆಗೆ ಬೇರೆಯವುಗಳ ಜೊತೆ ಇಡಬಾರದು. ಒಳಚೀಲ ಕೊಳೆತಿದ್ದರೆ ತೆಳು ಪಾಲಿಥೀನಿನ ಹೊಸ ಚೀಲ ಹಾಕಿ. ಗಟ್ಟಿಯಾದ ಪಿವಿಸಿ ಚೀಲ ವಿನೈಲಿನ ಮೇಲೆ ಮಬ್ಬು ಕೂರಿಸುತ್ತದೆ. ಹಳೆಯ ಚೀಲದ ಮೇಲೆ ಅಂಗಡಿಯ ಹೆಸರು, ಊರು, ಯಾರದೋ ಕೈಬರಹ ಇದ್ದರೆ ಅದನ್ನು ಎಸೆಯದೆ ಒಣಗಿಸಿ ಬೇರೆಯಾಗಿ ಇಟ್ಟುಕೊಳ್ಳಿ.

ಬರೆದಿಡುವುದು, ಹಂಚುವುದು

ಒಂದು ನೋಟುಬುಕ್ಕು ಸಾಕು. ಕಂಪನಿ, ನಂಬರು, ಎರಡೂ ಮಗ್ಗುಲಿನ ಹಾಡು, ರಾಗ, ಹಾಡಿದವರು, ಎಲ್ಲಿಂದ ಯಾರ ಮನೆಯಿಂದ ಬಂತು ಎಂದು ಬರೆಯಿರಿ. ಚೀಟಿಯ ಸುತ್ತ ಖಾಲಿ ಜಾಗದಲ್ಲಿ ಕೊರೆದಿರುವ ಸಣ್ಣ ಅಕ್ಷರ, ಅಂಕಿಗಳನ್ನೂ ಬಿಡಬೇಡಿ, ಸಂಶೋಧಕರಿಗೆ ಅದು ಎಲ್ಲಕ್ಕಿಂತ ಮುಖ್ಯ. ಮುಂಬಯಿಯ ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್ 1990ರಿಂದ ಇಂಥ ಮಾಹಿತಿ ಕೂಡಿಹಾಕುತ್ತ ಬಂದಿದೆ. ಆಸ್ಟ್ರೇಲಿಯಾದ ಮೈಕೆಲ್ ಕಿನ್ನಿಯರ್ ಭಾರತದ ಆರಂಭದ ಪ್ಲೇಟುಗಳ ಪಟ್ಟಿಯನ್ನು ಪುಸ್ತಕಗಳಾಗಿಯೇ ತಂದಿದ್ದಾರೆ.

ಡಿಜಿಟಲ್ ಪ್ರತಿ ಮಾಡುವವರು ಪ್ಲೇಟನ್ನು ತೊಳೆದ ಮೇಲೆಯೇ ಮಾಡಿ. 24 ಬಿಟ್, 96 ಕಿಲೋಹರ್ಟ್ಸ್ ವೇವ್ ಕಡತವಾಗಿ ಇಡಿ. ಆಡಾಸಿಟಿ ಎಂಬ ಉಚಿತ ತಂತ್ರಾಂಶ ಸಾಕು. ಚಟಪಟ ಸದ್ದು ತೆಗೆದ ಪ್ರತಿ ಬೇಕಾದರೆ ಬೇರೆ ಮಾಡಿಕೊಳ್ಳಿ, ಮೂಲವನ್ನು ಮುಟ್ಟಬೇಡಿ. ಸದ್ದಿನ ಜೊತೆ ಹಾಡಿನ ಜೀವವನ್ನೂ ತೆಗೆದುಬಿಟ್ಟ ‘ಶುದ್ಧ’ ಪ್ರತಿಗಳು ಈಗಾಗಲೇ ಬೇಕಾದಷ್ಟಿವೆ. ಜಾಲತಾಣಕ್ಕೆ ಏರಿಸುವ ಮುನ್ನ ಕಾನೂನು ತಿಳಿದಿರಲಿ: ನಮ್ಮಲ್ಲಿ ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ. ಹಾಡಿನ ಸಾಹಿತ್ಯ ಮತ್ತು ಸಂಗೀತದ ಹಕ್ಕು ಬೇರೆ, ಅದು ರಚಿಸಿದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ನಿಮ್ಮ ಮನೆಯಲ್ಲಿ ಕೇಳಲು ಇದಾವುದೂ ಅಡ್ಡಿಯಲ್ಲ.

ಹೊಸದಾಗಿ ಆಸಕ್ತಿ ಹುಟ್ಟಿದವರು ಬೆಂಗಳೂರಿನ ಜೆ.ಪಿ. ನಗರದಲ್ಲಿ 2019ರಲ್ಲಿ ತೆರೆದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಸಂಗ್ರಹಾಲಯಕ್ಕೆ ಒಮ್ಮೆ ಹೋಗಿ ಬನ್ನಿ. ಗೌಹರ್ ಜಾನ್ ಜೀವನಚರಿತ್ರೆ ಬರೆದ ಬೆಂಗಳೂರಿನ ವಿಕ್ರಮ್ ಸಂಪತ್ ಕಟ್ಟಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ನೂರು ವರ್ಷ ಹಳೆಯ ದನಿಗಳನ್ನು ಡಿಜಿಟಲ್ ಮಾಡಿ ಕೇಳಿಸುವ ಕೆಲಸ ಮಾಡಿದೆ. ಗುರುಗ್ರಾಮದಲ್ಲಿರುವ ಆರ್ಕೈವ್ಸ್ ಅಂಡ್ ರಿಸರ್ಚ್ ಸೆಂಟರ್ ಫಾರ್ ಎಥ್ನೊಮ್ಯೂಸಿಕಾಲಜಿಯೂ ಸಂಗೀತದ ಧ್ವನಿಮುದ್ರಣಗಳನ್ನು ಕಾಪಾಡುವುದಕ್ಕೇ ಇರುವ ಸಂಸ್ಥೆ.

ಪ್ಲೇಟು ಕೂಡಿಡುವ ಉಮೇದು ಇಲ್ಲದವರಿಗೂ ಒಂದು ವಿನಂತಿ. ನಿಮ್ಮ ಮನೆಯಲ್ಲಿ ಕನ್ನಡದ 78ರ ಪ್ಲೇಟು ಒಂದೇ ಒಂದಿದ್ದರೂ, ಎರಡೂ ಮಗ್ಗುಲಿನ ಚೀಟಿಯ ಫೋಟೋ ತೆಗೆದು ಸಂಗ್ರಹಕಾರರಿಗೋ ಇಂಥ ಸಂಸ್ಥೆಗೋ ಕಳಿಸಿ. ಕೊಡುವುದು, ಇಟ್ಟುಕೊಳ್ಳುವುದು ಆಮೇಲಿನ ಮಾತು. ಅವರಿಂದ ಉತ್ತರ ಬರುವವರೆಗೆ ಅದನ್ನು ಗುಜರಿಯವರಿಗೆ ಹಾಕಬೇಡಿ.